ನೋವಿಗೆ ತೂಬು ಹಾಕಿದ ನೀರುಗಂಟಿ

ನನ್ನ ಯಜಮಾನರು ನೀರಾವರಿ ಇಲಾಖೆಯಲ್ಲಿ ನೀರುಗಂಟಿಯಾಗಿದ್ದವರು. ಕೆ.ಆರ್.ಎಸ್. ಕಟ್ಟೆಯಿಂದ ಬರುವ ನಾಲೆಯ ಏರಿಯ ಮೇಲೆ ಸೈಕಲ್ಲಿನಲ್ಲಿ ಓಡಾಡುತ್ತಾ, ಯಾವ ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವುದೇ ಅವರ ಕೆಲಸ. ಗದ್ದೆ ತುಂಬಿದ ಮೇಲೂ ತೂಬು ತೆರೆದಿಟ್ಟವನನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆ ಚಾಳಿ ಹೋಗಿಲ್ಲ. ನಲ್ಲಿ ತೊಟ್ಟಿಕ್ಕಿದರೆ ಊಟದ ನಡುವೆ ಎದ್ದು ಹೋಗುತ್ತಾರೆ. ಪಕ್ಕದ ಮನೆಯ ಟ್ಯಾಂಕು ತುಂಬಿ ಹರಿದರೆ ಕಾಂಪೌಂಡಿನ ಈಚೆಯಿಂದಲೇ ಕೂಗು ಹಾಕುತ್ತಾರೆ. ಇಂಥ ಮನುಷ್ಯನನ್ನು ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂರಿಸಿ, ನನ್ನ ಕುತ್ತಿಗೆಗೆ ಔಷಧಿ ಹರಿಯುವ ಒಂದು ಸಣ್ಣ ನಳಿಕೆ ಸಿಕ್ಕಿಸಿ ಹೋದರೆ ಏನಾಗಬೇಕಿತ್ತೋ ಅದೇ ಆಯಿತು.

ನಾನು ಪಾಂಡವಪುರದ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೇಡಮ್ಮಾಗಿದ್ದೆ. ಎತ್ತರದ ಕರಿಹಲಗೆಯ ಮೇಲೆ ಜೀವಮಾನವಿಡೀ ಬರೆದ ಬಲಗೈ ನನ್ನದು. ಅದಕ್ಕೇ ಹೆಗಲು ಸವೆಯಿತು ಎಂದು ನಾನು ಹೇಳುತ್ತೇನೆ, ಡಾಕ್ಟರು ಒಪ್ಪುವುದಿಲ್ಲ. ಏನೇ ಆಗಲಿ, ಕೀಲು ಸವೆದಿತ್ತು, ಅದನ್ನು ಹಿಡಿದಿಡುವ ಸ್ನಾಯುವೂ ಹರಿದಿತ್ತು. ರವಿಕೆ ತೊಡಲು ಕಷ್ಟ, ತಲೆ ಬಾಚಲು ಕಷ್ಟ. ಬಲಗಡೆ ಮಗ್ಗುಲಾದರೆ ನೋವಿಗೆ ಎಚ್ಚರವಾಗುತ್ತಿತ್ತು. ಎಣ್ಣೆ ತಿಕ್ಕಿದ್ದಾಯಿತು, ಶಾಖ ಕೊಟ್ಟಿದ್ದಾಯಿತು, ನಾಟಿ ವೈದ್ಯರ ಕಟ್ಟು ಹಾಕಿಸಿಕೊಂಡಿದ್ದೂ ಆಯಿತು. ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ, ಕೀಲನ್ನೇ ತೆಗೆದು ಹೊಸದು ಹಾಕಬೇಕು ಎಂದರು.

ಆಪರೇಷನ್ನಿಗೆ ನಾನು ಹೆದರಲಿಲ್ಲ. ಹೆದರಿದ್ದು ನನ್ನ ತಂಗಿಯ ಕೈ ನೋಡಿ. ಅವಳು ನಾಗಮಂಗಲದಲ್ಲಿದ್ದಾಳೆ. ನನಗಿಂತ ಮುಂಚೆ ಅವಳಿಗೂ ಇದೇ ಆಪರೇಷನ್ನು, ಬೇರೆ ಕಡೆ ಆಗಿತ್ತು. ಹೊಲಿಗೆ ಚೆನ್ನಾಗಿ ಮಾಯ್ದಿತ್ತು, ಕೀಲು ಸರಿಯಾಗಿ ಕೂತಿದೆ ಎಂದು ಎಕ್ಸ್‌ರೇ ಹೇಳುತ್ತಿತ್ತು. ಆದರೆ ಕೈ ಎದೆಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ನೋವೆಂದು ಮೊದಲ ವಾರಗಳಲ್ಲಿ ಕೈಯನ್ನು ಅಲ್ಲಾಡಿಸದೆ ಎದೆಗೆ ಒತ್ತಿಕೊಂಡು ಕೂತುಬಿಟ್ಟಿದ್ದಳಂತೆ, ಹೆಗಲು ಅಲ್ಲೇ ಬಿಗಿದುಕೊಂಡಿತ್ತು. ನನಗೆ ಆಪರೇಷನ್ ಮಾಡಿದ ಡಾಕ್ಟರೂ ಅದನ್ನೇ ಹೇಳಿದರು. ಹೊಸ ಕೀಲು ಹಾಕುವುದು ನಮ್ಮ ಕೆಲಸ, ಅದನ್ನು ಆಡಿಸುವುದು ನಿಮ್ಮ ಕೆಲಸ, ನೋವು ಹತೋಟಿಯಲ್ಲಿದ್ದರೆ ಮಾತ್ರ ನೀವು ಆಡಿಸುತ್ತೀರಿ ಎಂದರು. ಹಾಗಾಗಿ ನನಗೆ ಬೇಕಾಗಿದ್ದದ್ದು ಒಂದೇ: ನನ್ನ ಕೈ ಮೇಲೆ ಹೋಗಬೇಕು. ತಂಗಿಯ ಕೈಯಂತಾಗಬಾರದು.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಕೊಡುವ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಹಳೆಯ ವಿದ್ಯಾರ್ಥಿನಿಯರ ಹಾಗೆ ಎರಡು ಕೈಯನ್ನೂ ಆಡಿಸುತ್ತಾ ಮಾತಾಡುತ್ತಿದ್ದರು. ನೋವು ತಡೆಯಲು ಇರುವ ದಾರಿಗಳನ್ನು ಬಿಡಿಸಿ ಹೇಳಿದರು. ಕುತ್ತಿಗೆಯ ಬುಡದಲ್ಲಿ ನರದ ಪಕ್ಕ ಒಂದೇ ಸಲ ಇಂಜೆಕ್ಷನ್ ಕೊಡುವುದು ಒಂದು. ಅದು ಅರ್ಧ ದಿನವೋ ಇನ್ನೂ ಸ್ವಲ್ಪ ಹೆಚ್ಚೋ ಕೈಯನ್ನು ಮರಗಟ್ಟಿಸುತ್ತದೆ, ಆಮೇಲೆ ಮಾತ್ರೆಗಳೇ ಗತಿ. ಅದೇ ಜಾಗದಲ್ಲಿ ಸಣ್ಣ ನಳಿಕೆ ಇಟ್ಟು, ಔಷಧಿ ತುಂಬಿದ ಬಲೂನಿಗೆ ಸೇರಿಸಿ, ಎರಡು ಮೂರು ದಿನ ತೊಟ್ಟು ತೊಟ್ಟಾಗಿ ಹರಿಸುವುದು ಇನ್ನೊಂದು. ಇವೆರಡೂ ಆಗದವರಿಗೆ ರಕ್ತನಾಳದಲ್ಲಿ ಬಲವಾದ ಔಷಧಿ. ಬೇಕೆನಿಸಿದಾಗ ರೋಗಿಯೇ ಗುಂಡಿ ಒತ್ತಿಕೊಳ್ಳಬಹುದು, ಆದರೆ ಅದರಲ್ಲಿ ವಾಂತಿ, ಮಂಪರು, ಮೈ ತುರಿಕೆ, ಮಲಬದ್ಧತೆ ಎಲ್ಲ ಬರಬಹುದು. ತಂಗಿಗೆ ಆದದ್ದು ಮೊದಲನೆಯದು. ಅಷ್ಟು ಸಾಕಾಗಿತ್ತು ನನಗೆ. ಬಲೂನೇ ಇರಲಿ ಎಂದೆ.

ಎಚ್ಚರವಾದಾಗ ನನಗೆ ಬಲಗೈ ಇರಲಿಲ್ಲ. ಇತ್ತು, ಕಣ್ಣಿಗೆ ಕಾಣುತ್ತಿತ್ತು, ಜೋಳಿಗೆಯಂಥ ಪಟ್ಟಿಯಲ್ಲಿ ನೇತಾಡುತ್ತಿತ್ತು, ಆದರೆ ನನ್ನದಲ್ಲ. ಬೆರಳು ಮುಟ್ಟಿದರೆ ಬೇರೆಯವರ ಬೆರಳು ಮುಟ್ಟಿದ ಹಾಗೆ. ನೋವು ಅನ್ನುವುದರ ಸುಳಿವೇ ಇಲ್ಲ. ಎಷ್ಟೋ ವರ್ಷದ ಮೇಲೆ ಹೆಗಲು ಸುಮ್ಮನಿತ್ತು. ನನಗೆ ಖುಷಿಯಲ್ಲಿ ಅಳುವೇ ಬಂತು. ಯಜಮಾನರನ್ನು ಕರೆಯೋಣವೆಂದು ಬಾಯಿ ತೆರೆದರೆ ಗೊಗ್ಗರು ಗೊಗ್ಗರಾಗಿ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಬಲಗಡೆಯ ಕಣ್ಣಿನ ರೆಪ್ಪೆಯೂ ಅರ್ಧ ಮುಚ್ಚಿತ್ತಂತೆ. ಅವರು ನನ್ನ ಮುಖ ನೋಡಿದ್ದೇ ಕಾರಿಡಾರಿಗೆ ಓಡಿದರು.

"ಸಿಸ್ಟರೇ, ಬೇಗ ಬನ್ನಿ, ನಮ್ಮೋಳ್ಗೆ ಲಕ್ವ ಒಡ್ದದೆ!"

ಇಂಜೆಕ್ಷನ್ನು ಕೆಲವರಿಗೆ ದನಿ ಮತ್ತು ರೆಪ್ಪೆಯ ನರಕ್ಕೂ ತಾಗುತ್ತದೆ, ಔಷಧಿ ಇಳಿದ ಮೇಲೆ ಸರಿಹೋಗುತ್ತದೆ ಎಂದು ಸಿಸ್ಟರು ಸಮಾಧಾನ ಹೇಳಿದರು. ನನ್ನ ದನಿ ಇಲ್ಲದ್ದು ಗೊತ್ತಾದ ಮೇಲೆ ಯಜಮಾನರ ಮುಖದಲ್ಲಿ ಒಂಥರಾ ನೆಮ್ಮದಿಯೂ ಕಂಡಿತು. ಕುರ್ಚಿ ಎಳೆದುಕೊಂಡು ಕೂತು, "ಆರಾಮಾಗ್ ಮಲೀಕ ಮೇಡಮ್ಮ, ಇವತ್ತು ಪಾಠ ಇಲ್ಲ" ಎಂದರು. ಈ ಮಾತಿಗೆ ಲೆಕ್ಕ ಆಮೇಲೆ ಚುಕ್ತಾ ಮಾಡಿದರಾಯಿತು ಎಂದುಕೊಂಡು ಸುಮ್ಮನಾದೆ.

ಅದೇ ಕೋಣೆಯ ಇನ್ನೊಂದು ಮಂಚದಲ್ಲಿ ಕೆ.ಆರ್. ಪೇಟೆ ಕಡೆಯ ಒಬ್ಬ ಅಜ್ಜಿ ಇದ್ದರು. ಅವರಿಗೂ ಹೆಗಲೇ. ಶ್ವಾಸದ ತೊಂದರೆಯಿದ್ದದ್ದರಿಂದ ಕುತ್ತಿಗೆಯ ಇಂಜೆಕ್ಷನ್ ಬೇಡವೆಂದು ಗುಂಡಿ ಕೊಟ್ಟಿದ್ದರು. ಅಜ್ಜಿ ಅದನ್ನು ಸಿಸ್ಟರನ್ನು ಕರೆಯುವ ಗಂಟೆ ಎಂದುಕೊಂಡಿದ್ದರು. ನೋವಾದಾಗ ಒತ್ತುವುದು, ಬಾಗಿಲ ಕಡೆ ನೋಡುವುದು. "ಈ ಉಡ್ಗಿ ಬರದೇ ಇಲ್ವಲ್ಲ" ಎಂದು ಗೊಣಗುವುದು. ಸ್ವಲ್ಪ ಹೊತ್ತಿಗೆ ನೋವು ಇಳಿದು, "ಬುಡು, ಈಗ ಬರ್ದೆ ಇದ್ರೂ ಆಯ್ತದೆ" ಎಂದು ಕಣ್ಣು ಮುಚ್ಚುವುದು. ನೋವೇನೋ ಹತೋಟಿಯಲ್ಲಿತ್ತು, ಆದರೆ ಪಾಪ, ಕುಡಿದ ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಾತಿನ ನಡುವೆಯೇ ತೂಕಡಿಸುತ್ತಿದ್ದರು. ನಾನು ಮಾತ್ರ ಎಡಗೈಯಲ್ಲಿ ಇಡ್ಲಿ ತಿನ್ನುತ್ತಾ ಮಹಾರಾಣಿಯ ಹಾಗೆ ಕೂತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಯಜಮಾನರು ಆ ಬಲೂನನ್ನು ಪರೀಕ್ಷೆ ಮಾಡಲು ಶುರುಮಾಡಿದರು. ಮಕ್ಕಳ ಹಾಲಿನ ಬಾಟಲಿಯಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಲೂನು. ಅಲ್ಲಿಂದ ನನ್ನ ಕುತ್ತಿಗೆಗೆ ನಳಿಕೆ. ನಳಿಕೆಯ ನಡುವೆ ಒಂದು ಪುಟ್ಟ ಕ್ಲಿಪ್ಪು. ಅವರು ಕನ್ನಡಕ ಹಾಕಿಕೊಂಡು, ನಳಿಕೆಯನ್ನು ತುದಿಯಿಂದ ತುದಿಯವರೆಗೆ ಕಣ್ಣಿನಲ್ಲೇ ಅಳೆದರು. ನನ್ನ ಹೆಬ್ಬೆರಳನ್ನು ಚಿವುಟಿದರು.

"ಗೊತ್ತಾಯ್ತದಾ?"

ಇಲ್ಲ ಎಂದು ತಲೆಯಾಡಿಸಿದೆ.

"ಅಲ್ಲ ಕಣಮ್ಮಿ, ಗದ್ದೆ ತುಂಬಿ ಕೋಡಿ ಬೀಳ್ತಾ ಅದೆ, ಇವ್ರು ಇನ್ನೂವೆ ಬುಟ್ಕಂಡೇ ಕೂತವ್ರಲ್ಲ!"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಊಟವಾಗಿ ನನಗೆ ನಿದ್ದೆ ಹತ್ತಿತು. ಆ ಹೊತ್ತಿನಲ್ಲಿ ನೀರುಗಂಟಿ ಎದ್ದು ಬಂದು ಕ್ಲಿಪ್ಪನ್ನು ಒತ್ತಿ ಮುಚ್ಚಿಬಿಟ್ಟಿದ್ದರು.

ಎದ್ದಾಗ ಮೊದಲು ಗೊತ್ತಾದದ್ದು ಒಳ್ಳೆಯ ಸುದ್ದಿ. "ನೀರು ಕೊಡಿ" ಎಂದೆ, ದನಿ ಗಂಟೆ ಹೊಡೆದ ಹಾಗೆ ಬಂತು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು. ಕೈಗೆ ಜೀವ ಬರುತ್ತಿದೆ ಎಂದು ಇಬ್ಬರೂ ಖುಷಿಪಟ್ಟೆವು. ಅವರು ಲೋಟ ಹಿಡಿದು, "ನೋಡ್ದಾ, ನಾನ್ ಏಳ್ಲಿಲ್ವಾ" ಎಂದರು. ಏನು ಹೇಳಿದ್ದರು ಎಂದು ಕೇಳುವಷ್ಟರಲ್ಲಿ ಹೆಗಲೊಳಗೆ ಯಾರೋ ಒನಕೆ ಎತ್ತಿ ಕುಟ್ಟಿದರು.

ನಾನು ಹೆರಿಗೆ ನೋವು ತಿಂದವಳು, ಅಳುಬುರುಕಿಯಲ್ಲ. ಆದರೆ ಅವತ್ತು ಅತ್ತೆ. ಮೂಳೆಯ ಒಳಗಿನಿಂದ ಬರುವ ನೋವು ಅದು. ಎಲ್ಲಿ ಒರಗಿದರೂ ಆಗದು, ಕೂತರೂ ಆಗದು, ಉಸಿರೆಳೆದರೂ ಹೆಗಲಿಗೇ ತಾಕುವುದು. ಸಿಸ್ಟರು ಓಡಿ ಬಂದು, ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟಿದೆ ಹೇಳಿ ಎಂದರು. ಹತ್ತಕ್ಕೆ ಹತ್ತು ಎಂದೆ. ನನ್ನ ಸೇವಾವಧಿಯಲ್ಲಿ ಯಾವ ಮಗುವಿಗೂ ಅಷ್ಟು ಅಂಕ ಕೊಟ್ಟವಳಲ್ಲ ನಾನು.

ಅರಿವಳಿಕೆ ಡಾಕ್ಟರು ಬಂದು ನಳಿಕೆ ನೋಡಿದ್ದೇ, "ಇದನ್ನ ಯಾರು ಮುಚ್ಚಿದ್ದು?" ಎಂದರು.

ಯಜಮಾನರು ಗೋಡೆಗೆ ಅಂಟಿ ನಿಂತಿದ್ದರು. ಅವರಲ್ಲೊಂದು ಗುಣವಿದೆ, ಮಾಡಿದ್ದನ್ನು ಇಲ್ಲ ಎನ್ನುವವರಲ್ಲ. "ನಾನೇ ಕಣವ್ವ ಮುಚ್ಚುದ್ದು. ಕೈ ಪೂರ್ತಿ ಮರಗಟ್ಟಿತ್ತಲ್ಲ, ಸುಮ್ಕೆ ಔಸ್ತಿ ಯಾಕ್ ಪೋಲಾಗ್ಬೇಕು, ನಾಳೆ ನಾಡಿದ್ದು ನೋವು ಬಂದಾಗ ಇರ್ಲಿ ಅಂತ ಉಳುಸ್ದೆ" ಎಂದರು.

ಡಾಕ್ಟರು ಬೈಯಲಿಲ್ಲ. ಕ್ಲಿಪ್ಪು ತೆರೆದು, ನಳಿಕೆಯಲ್ಲಿ ಇನ್ನಷ್ಟು ಔಷಧಿ ಕೊಟ್ಟು, ಡ್ರಿಪ್ಪಿನಲ್ಲೂ ಒಂದು ಇಂಜೆಕ್ಷನ್ ಹಾಕಿಸಿದರು. "ಸ್ವಲ್ಪ ಹೊತ್ತು ಹಿಡಿಯುತ್ತೆ ಅಮ್ಮ. ನೋವು ಒಂದ್ಸಲ ಎದ್ದುಬಿಟ್ರೆ ಅದನ್ನ ಕೂರಿಸೋದು ಕಷ್ಟ. ಅದಕ್ಕೇ ಬರೋಕೆ ಮುಂಚೆನೇ ಕೊಡ್ತಾ ಇರ್ತೀವಿ" ಎಂದು ನನಗೆ ಹೇಳಿದರೂ ನೋಡುತ್ತಿದ್ದದ್ದು ಯಜಮಾನರನ್ನೇ.

ಯಜಮಾನರು ತಲೆತಗ್ಗಿಸಿ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಬಾಯ್ ಬುಟ್ಟ ಗದ್ದೆಗೆ ಎಷ್ಟ್ ನೀರ್ ಬುಟ್ರೂ ಮೊದ್ಲು ಭೂಮಿನೇ ಕುಡ್ಕತದೆ. ಪೈರಿಗೆ ಸಿಗೋಕೆ ಒತ್ತಾಯ್ತದೆ" ಎಂದರು. ಡಾಕ್ಟರು ಹೌದು ತಾತ, ಅಷ್ಟೇ ಎಂದು ಅವರ ಭುಜ ತಟ್ಟಿ ಹೋದರು.

ಆ ಹೊತ್ತು ಹೇಗೆ ಕಳೆಯಿತೋ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ನೋವು ಇಳಿದದ್ದು. ಒನಕೆ ದೂರ ಹೋಯಿತು, ಪಕ್ಕದ ಮನೆಗೆ ಹೋಯಿತು, ಆಮೇಲೆ ಕೇಳಲೇ ಇಲ್ಲ. ಬೆವರಿದ್ದ ಮೈಗೆ ಫ್ಯಾನಿನ ಗಾಳಿ ತಾಕುವುದು ಗೊತ್ತಾಯಿತು. ಹಸಿವಾಯಿತು. ಇಂಥ ಸುಖವನ್ನು ನಾನು ಯಾವ ಹಬ್ಬದಲ್ಲೂ ಕಂಡಿಲ್ಲ. ಸರಿ, ಈಗ ಈ ಮನುಷ್ಯನಿಗೆ ನಾಲ್ಕು ಉಗಿಯೋಣ ಎಂದು ಗಂಟಲು ಸರಿಮಾಡಿಕೊಂಡು ಬಾಯಿ ತೆರೆದೆ. ಔಷಧಿ ಬಂದದ್ದೇ ದನಿ ಮತ್ತೆ ಹೊರಟುಹೋಗಿತ್ತು. ಪಕ್ಕದ ಮಂಚದ ಅಜ್ಜಿ ನನ್ನ ಬಾಯಿ ಆಡುವುದನ್ನು ನೋಡಿ, "ಬೈತಾವ್ಳೆ ಕಣಪ್ಪ, ನೀನೇ ತಿಳ್ಕ" ಎಂದು ಅವರಿಗೆ ಹೇಳಿದರು.

ಮನೆಗೆ ಬರುವ ಹೊತ್ತಿಗೆ ನಳಿಕೆ ತೆಗೆದಿದ್ದರು. ಇನ್ನು ಮಾತ್ರೆ, ಐಸಿನ ಚೀಲ, ವ್ಯಾಯಾಮ. ಯಾವ ಮಾತ್ರೆ ಯಾವ ಹೊತ್ತಿಗೆ, ಊಟಕ್ಕೆ ಮುಂಚೆಯೋ ಆಮೇಲೋ, ಹೊಟ್ಟೆ ಉರಿಯದಿರಲು ಯಾವುದು ಎಂದೆಲ್ಲ ಹೇಳಿ ಕಳಿಸಿದ್ದರು. ತೊಂದರೆ ಎಲ್ಲಿ ಬಂತೆಂದರೆ, ಯಜಮಾನರು ಔಷಧಿ ಮುಟ್ಟಲು ಒಪ್ಪಲಿಲ್ಲ. ನೀರು ತಂದುಕೊಡುವರು, ಐಸು ಇಡುವರು, ಮಾತ್ರೆಯ ಪಟ್ಟಿ ಕೊಡಿ ಎಂದರೆ ಹಿತ್ತಲಿಗೆ ಹೋಗುವರು. "ನಾನ್ ಮುಟ್ಟಾಕಿಲ್ಲ, ನಂದು ಕೆಟ್ಟ ಕೈ" ಎನ್ನುವರು. ಎಡಗೈಯೊಂದರಲ್ಲೇ ಪಟ್ಟಿಯಿಂದ ಮಾತ್ರೆ ಒಡೆದುಕೊಳ್ಳುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಒಂದು ಹೊತ್ತು ನುಂಗಿದೆ, ಒಂದು ಹೊತ್ತು ಬಿಟ್ಟೆ. ನೋವು ಮತ್ತೆ ತಲೆ ಹಾಕಿತು. ನನಗೂ ಆಸ್ಪತ್ರೆಯ ನೋವಿನ ಭಯ ಒಳಗೆ ಕೂತಿತ್ತು. ವ್ಯಾಯಾಮ ಮಾಡಿಸುವ ಹುಡುಗಿ ಬಂದು ಕೈ ಹಿಡಿದರೆ ಸಾಕು, ಹೆಗಲು ಕಿವಿಯವರೆಗೆ ಏರುತ್ತಿತ್ತು. "ಹೀಗಾದ್ರೆ ಬಿಗಿದುಹೋಗುತ್ತೆ ಆಂಟಿ" ಎಂದಳು. ಆ ರಾತ್ರಿಯೆಲ್ಲ ತಂಗಿಯ ಕೈಯೇ ಕಣ್ಣ ಮುಂದೆ.

ಆ ವಾರವೇ ತಂಗಿ ನಾಗಮಂಗಲದಿಂದ ನೋಡಲು ಬಂದಳು. ಎಳನೀರು, ರಾಗಿ ಹಿಟ್ಟು, ಕೊಬ್ಬರಿ ಎಲ್ಲ ತಂದಿದ್ದಳು. ಜೊತೆಗೆ ಬುದ್ಧಿಮಾತು.

"ಆ ಮಾತ್ರೆ ನುಂಗಿ ಒಟ್ಟೆ ಕೆಡುಸ್ಕಬ್ಯಾಡ ಅಕ್ಕ. ಕಿಡ್ನಿ ಓಯ್ತದೆ. ನಾನ್ ಆಸ್ಪತ್ರೆಯಿಂದ ಬಂದ್ಮ್ಯಾಲೆ ಒಂದೂ ನುಂಗ್ಲಿಲ್ಲ. ಅಲ್ಲು ಕಚ್ಕಂಡ್ ತಡ್ಕಂಡೆ. ಈಗ ನೋಡು, ಒಂಚೂರೂ ನೋವಿಲ್ಲ."

ಅವಳು ಕಾಫಿ ಮಾಡುತ್ತೇನೆಂದು ಅಡುಗೆಮನೆಗೆ ಹೋದಳು. ಹಾಲಿಟ್ಟು, ಸಕ್ಕರೆ ಡಬ್ಬಕ್ಕೆ ಬಲಗೈ ಎತ್ತಿದಳು. ಡಬ್ಬ ಇದ್ದದ್ದು ಅವಳ ಮುಖದ ನೇರಕ್ಕೆ. ಕೈ ಎದೆಯ ಹತ್ತಿರ ಬಂದು ನಿಂತಿತು. ಬೆನ್ನು ಬಾಗಿಸಿ, ಕಾಲ ಬೆರಳ ಮೇಲೆ ನಿಂತು, ಮತ್ತೊಮ್ಮೆ ನೋಡಿದಳು. ಆಮೇಲೆ ಎಡಗೈಯಲ್ಲಿ ತೆಗೆದುಕೊಂಡಳು. ನಾನೂ ಯಜಮಾನರೂ ನಡುಮನೆಯಿಂದ ನೋಡುತ್ತಿದ್ದೇವೆ ಎಂದು ಅವಳಿಗೆ ತಿರುಗಿದಾಗಲೇ ಗೊತ್ತಾದದ್ದು.

ಕಾಫಿ ತಂದಿಟ್ಟು ನನ್ನ ಪಕ್ಕ ಕೂತಳು. "ನೋವು ಓಯ್ತು ಕಣಕ್ಕ" ಎಂದಳು, "ಓಗೋವಾಗ ಕೈನೂ ತಕ್ಕಂಡೇ ಓಯ್ತು. ನೀನ್ ನುಂಗು. ನನ್ ಮಾತ್ ಕೇಳ್ಬ್ಯಾಡ, ನುಂಗು."

ನನ್ನ ತಂಗಿ ಸೋಲೊಪ್ಪುವ ಹೆಣ್ಣಲ್ಲ. ಬಾಯಿ ಜೋರಿನಲ್ಲಿ ನನ್ನನ್ನೂ ಮೀರಿಸಿದವಳು. ಅವಳ ಬಾಯಲ್ಲಿ ಈ ಮಾತು ಕೇಳಿ ಎಡಗೈಯಲ್ಲಿ ಅವಳನ್ನು ತಬ್ಬಿಕೊಂಡೆ. ಇಬ್ಬರ ಬಲಗೈಗಳೂ ನಡುವೆ ಸಿಕ್ಕಿಕೊಂಡು ಕೆಲಸಕ್ಕೆ ಬಾರದೆ ಕೂತಿದ್ದವು. ಯಜಮಾನರು ಎದ್ದು ಹಿತ್ತಲಿಗೆ ಹೋದರು. ಎಂದಿನಂತೆ ತಪ್ಪಿಸಿಕೊಂಡರು ಎಂದುಕೊಂಡೆ. ಕೈ ತೊಳೆದು, ಟವೆಲ್ಲಿನಲ್ಲಿ ಒರೆಸಿಕೊಂಡು ಒಳಗೆ ಬಂದು, ಮಾತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಇದ್ರಲ್ಲಿ ಮೊದ್ಲು ಯಾವ್ದು?" ಎಂದರು.

ಅವತ್ತಿನಿಂದ ನನ್ನ ನೋವಿಗೆ ಅವರೇ ನೀರುಗಂಟಿ. ವ್ಯಾಯಾಮ ಬೆಳಿಗ್ಗೆಯೆಂದರೆ ಅದಕ್ಕೆ ಮುಂಚೆಯೇ ತಿಂಡಿ, ತಿಂಡಿಯ ಹಿಂದೆಯೇ ಮಾತ್ರೆ, ಅದು ಹಿಡಿಯುವವರೆಗೆ ನನ್ನನ್ನು ಕುರ್ಚಿಯಿಂದ ಏಳಗೊಡುತ್ತಿರಲಿಲ್ಲ. ಮುಗಿದ ಮೇಲೆ ಐಸು. ಈಗ ನೋವಿಲ್ಲವಲ್ಲ, ಬಿಡಿ ಎಂದು ಒಂದು ದಿನ ನಾನೇ ಹೇಳಿ ನೋಡಿದೆ. "ನೋವಿಲ್ದೆ ಇರೋದು ಯಾಕೆ ಅಂತ ಗೊತ್ತಾ? ನುಂಗ್ತಾ ಇದ್ದೀಯ, ಅದ್ಕೆ. ಸರದಿ ಬಂದದೆ, ಬಾಯ್ ತಗಿ" ಎಂದರು. ನನಗೆ ಪಾಠ ಹೇಳುವ ಅವಕಾಶ ಅವರಿಗೆ ಅಷ್ಟು ವರ್ಷದಲ್ಲಿ ಸಿಕ್ಕಿರಲಿಲ್ಲ, ಚೆನ್ನಾಗಿಯೇ ಬಳಸಿಕೊಂಡರು. ಬಾಗಿಲ ಮೇಲೆ ರಾಟೆ ಕಟ್ಟಿ, ಅದಕ್ಕೆ ಹಗ್ಗ ಹಾಕಿ, ಎಡಗೈಯಲ್ಲಿ ಎಳೆದರೆ ಬಲಗೈ ಏರುವಂತೆ ಮಾಡಿದರು. ನಾನು ಎಳೆಯುವಾಗ ಎದುರಿಗೆ ನಿಂತು, ನಾನು ಮುಖ ಕಿವುಚಿದರೆ ತಾವೂ ಕಿವುಚುತ್ತಿದ್ದರು. ಡಾಕ್ಟರು ಹೇಳಿದ ಪ್ರಕಾರ ಮಾತ್ರೆ ಒಂದೊಂದಾಗಿ ಕಡಿಮೆಯಾಯಿತು, ಆಮೇಲೆ ನಿಂತಿತು.

ನಮ್ಮ ಬೀದಿಯಲ್ಲಿ ಮೊಣಕಾಲು, ಹೆಗಲು ಎಂದು ಆಪರೇಷನ್ನಿಗೆ ಹೊರಡುವವರು ಈಗ ಮೊದಲು ನನ್ನ ಹತ್ತಿರ ಬರುತ್ತಾರೆ. ನೋವು ತಡೆಯಲು ಯಾವ ನಮೂನೆ ಒಳ್ಳೆಯದು ಮೇಡಮ್ಮ ಎಂದು ಕೇಳುತ್ತಾರೆ. ನಾನು ಡಾಕ್ಟರಲ್ಲ, ಆದರೆ ಮಾತಿಗೆ ಬಡತನವಿಲ್ಲ, ಹೇಳುತ್ತೇನೆ. ಬಲೂನು ಸುಖ, ಆದರೆ ಹೆಗಲಿಗೆ ಹಾಕಿದಾಗ ದನಿ ಹೋದರೆ, ರೆಪ್ಪೆ ಇಳಿದರೆ ಹೆದರಬೇಡಿ. ಉಸಿರಾಟ ಕಷ್ಟವೆನಿಸಿದರೆ ತಕ್ಷಣ ಹೇಳಿ. ಒಂದೇ ಇಂಜೆಕ್ಷನ್ನೂ ಕೆಟ್ಟದ್ದೇನಲ್ಲ, ಅದು ಇಳಿಯುವ ಮುಂಚೆ ಮಾತ್ರೆ ಹೊಟ್ಟೆಯಲ್ಲಿರಬೇಕು, ನನ್ನ ತಂಗಿಗೆ ಅದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ, ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ. ಗುಂಡಿಯಲ್ಲಿ ನೋವು ಹೋಗುತ್ತದೆ, ಊಟ ಸೇರುವುದಿಲ್ಲ. ಯಾವುದು ಸಿಕ್ಕರೂ ನೋವು ತಡೆದುಕೊಂಡು ಶೂರರಾಗಲು ಹೋಗಬೇಡಿ. ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂದು ನೋಡಿಕೊಳ್ಳಿ. ಇದನ್ನು ಹೇಳುವಾಗ ಯಜಮಾನರು ಪೇಪರು ಮೇಲೆತ್ತಿ ಮುಖ ಮುಚ್ಚಿಕೊಳ್ಳುತ್ತಾರೆ.

ಇಷ್ಟಾದರೂ ಕೈ ಎಷ್ಟು ಮೇಲೆ ಹೋಗುತ್ತದೆ ಎನ್ನುವುದು ಮಾತ್ರ ಬಹಳ ದಿನ ಖಾತ್ರಿಯಾಗಲಿಲ್ಲ. ರಾಟೆಯಲ್ಲಿ ಏರುವ ಕೈ ರಾಟೆ ಬಿಟ್ಟರೆ ಕಣ್ಣಿನ ಮಟ್ಟದಲ್ಲೇ ನಿಂತುಬಿಡುತ್ತಿತ್ತು. ಮೇಲೆತ್ತಿ ಎಂದರೆ, ಎಲ್ಲಿ ಒನಕೆ ಬೀಳುತ್ತದೋ ಎಂದು ಹೆಗಲು ತಾನೇ ಹಿಂದೆ ಸರಿಯುತ್ತಿತ್ತು. ಇಷ್ಟೇ ಆದರೂ ಸಾಕು ಎಂದು ಬಾಯಲ್ಲಿ ಹೇಳುತ್ತಿದ್ದೆ. ಸಾಕಾಗಿರಲಿಲ್ಲ.

ಹೀಗಿರುವಾಗ ಒಂದು ದಿನ ಇಬ್ಬರೂ ಗಂಜಾಂಗೆ ಹೋಗಿ, ನಿಮಿಷಾಂಬ ದೇವಸ್ಥಾನದಲ್ಲಿ ಕೈಮುಗಿದು, ಹೊಳೆ ಮೆಟ್ಟಿಲ ಮೇಲೆ ಕಾಲು ನೆನೆಸಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದೆವು. ಬಿಸಿಲು ಏರಿತ್ತು. ನನ್ನ ಎಡಗೈಯಲ್ಲಿ ಹಣ್ಣುಕಾಯಿಯ ಚೀಲ. ಯಜಮಾನರು ಗಾಡಿಯ ಹತ್ತಿರ ಸೌತೆಕಾಯಿಗೆ ಖಾರ ಹಾಕಿಸುತ್ತಾ ನಿಂತಿದ್ದರು. ಅಷ್ಟರಲ್ಲಿ ಪಾಂಡವಪುರದ ಬಸ್ಸು ನಿಲ್ದಾಣದಿಂದ ಹೊರಟು ನಮ್ಮ ಮುಂದೆಯೇ ಹಾದುಹೋಗುತ್ತಿತ್ತು. ಇದು ತಪ್ಪಿದರೆ ಎಷ್ಟು ಹೊತ್ತು ಕಾಯಬೇಕೋ! "ಏಯ್, ನಿಲ್ಸಪ್ಪಾ!" ಎಂದು ಕೂಗಿದೆ. ಬಸ್ಸು ನಿಂತಿತು. ಅವರನ್ನು ಕರೆದು, ಹತ್ತಿ, ಸೀಟು ಹಿಡಿದು ಕೂತೆ.

ಯಜಮಾನರು ಪಕ್ಕದಲ್ಲಿ ಕೂತರು, ಸೌತೆಕಾಯಿ ಕೈಯಲ್ಲೇ ಇತ್ತು, ತಿನ್ನುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

"ಏನ್ರೀ?" ಎಂದೆ.

"ಬಸ್ಸಿಗೆ ಕೈ ಅಡ್ಡ ಇಡ್ದಲ್ಲ ನೀನು."

"ಮತ್ತೆ, ಕೂಗಿದ್ರೆ ಅಷ್ಟಕ್ಕೇ ನಿಲ್ಲುಸ್ತಾನಾ ಅವ್ನು?"

"ಯಾವ್ ಕೈ?"

ಚೀಲ ಎಡಗೈಯಲ್ಲೇ ಇತ್ತು, ಹತ್ತುವಾಗಲೂ ಅಲ್ಲೇ ಇತ್ತು. ಬಲಗೈಯನ್ನು ತಿರುಗಿಸಿ ನೋಡಿಕೊಂಡೆ.

"ತಲೆ ಮ್ಯಾಕ್ಕೆ ಎತ್ತಿದ್ದೆ ಕಣೇ" ಎಂದರು. "ನೆಟ್ಟಗೆ. ನಾನ್ ನೋಡ್ದೆ. ನೋವಾಯ್ತಾ?"

ನೋವಾಯಿತೇ ಎಂದು ನೋಡಿಕೊಳ್ಳುವುದನ್ನೇ ನಾನು ಮರೆತಿದ್ದೆ.